ಕೂದಲೆಳೆಯಷ್ಟು ಸಂದು

ಮೈದುನನ ಹೆಂಡತಿಗೆ ಮಣಿಸರ ಮಾಡುವುದನ್ನು ಕಲಿಸಿದವಳು ನಾನೇ. ಅವರಿರುವುದು ದೇವದುರ್ಗದಲ್ಲಿ, ನಾವು ರಾಯಚೂರಲ್ಲಿ. ಒಂದು ಬೇಸಿಗೆ ಮಗಳ ಹಲ್ಲಿಗೆ ತಂತಿ ಹಾಕಿಸಲೆಂದು ಬಂದವಳು ನಮ್ಮ ಮನೆಯಲ್ಲಿ ಹದಿನೈದು ದಿನ ಇದ್ದಳು. ಮಧ್ಯಾಹ್ನ ನಾನು ಸ್ಟೀಲ್ ತಟ್ಟೆಯಲ್ಲಿ ಹಳೇ ಟವೆಲ್ ಹಾಸಿ ಮಣಿ ಸುರಿದುಕೊಂಡು ಕೂತರೆ ಎದುರಿಗೆ ಬಂದು ಕೂಡುತ್ತಿದ್ದಳು. ಟವೆಲ್ ಇದ್ದರೆ ಮಣಿ ಉರುಳುವುದಿಲ್ಲ ಎನ್ನುವುದನ್ನೂ ಹೇಳಿಕೊಟ್ಟೆ.

ಸರದ ಎಳೆಗಳನ್ನು ಕೊಂಡಿಗೆ ಸೇರಿಸುವುದು ಜಂಪ್ ರಿಂಗ್ ಎನ್ನುವ ತಂತಿಯ ಉಂಗುರ. ಜೋಳದ ಕಾಳಿನಷ್ಟಿರುತ್ತದೆ. ಅದರ ಬಾಯನ್ನು ಎಡಕ್ಕೂ ಬಲಕ್ಕೂ ಎಳೆದು ಹಿಗ್ಗಿಸಬಾರದು. ಒಂದು ತುದಿಯನ್ನು ನಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುವಬೇಕು. ಇದನ್ನು ಹೇಳಿದೆ. ಮುಚ್ಚುವಾಗ ಬರೀ ತುದಿಗೆ ತುದಿ ತಂದು ಬಿಟ್ಟರೆ ತಂತಿ ತುಸು ಹಿಂದಕ್ಕೆ ಸರಿದು ಸಂದು ಉಳಿಯುತ್ತದೆ. ಹಾಗಾಗಿ ಒಂದಿಷ್ಟು ದಾಟಿಸಿಯೇ ಒತ್ತಬೇಕು, ಆ ಕಡೆ ಒಮ್ಮೆ, ಈ ಕಡೆ ಒಮ್ಮೆ, ಎರಡೂ ತುದಿ ಉಜ್ಜಿ ಕಟ್ ಅನ್ನುವ ತನಕ. ಇದನ್ನು ಹೇಳಲಿಲ್ಲ.

ಅವಳು ಕೇಳಿದ್ದಳು, ಕೂಡಿಸಿದರೆ ಸಾಕೇನಕ್ಕಾ ಎಂದು. ಆಗಲೇ ಕುಕ್ಕರ್ ಸೀಟಿ ಹೊಡೆಯಿತು, ಎದ್ದು ಹೋದೆ. ತಿರುಗಿ ಬಂದಾಗ ಹೇಳಬಹುದಿತ್ತು. ಅಷ್ಟರಲ್ಲಿ ಅವಳು ಎಲೆಹಸಿರು ಮಣಿಯ ಪಕ್ಕ ಹುಣಸೆಹಣ್ಣಿನ ಬಣ್ಣದ್ದನ್ನು ಇಟ್ಟು ನೋಡುತ್ತಿದ್ದಳು. ಹತ್ತು ವರ್ಷ ಮಣಿ ಪೋಣಿಸಿದ ನನಗೆ ಆ ಎರಡನ್ನು ಜೊತೆಗಿಡಬೇಕೆಂದು ಎಂದೂ ಹೊಳೆದಿರಲಿಲ್ಲ. ಬೇಳೆ ಬೆಂದಿದೆ, ಊಟಕ್ಕೆ ಏಳು ಎಂದೆ.

ಮುಂದಿನ ವರ್ಷ ಮಾನ್ವಿಯಲ್ಲಿ ನಾದಿನಿಯ ಮಗಳ ಕುಬಸ. ನಮ್ಮಲ್ಲಿ ಯಾವ ಬಸುರಿಗೆ ಕುಬಸ ಮಾಡಿದರೂ ಕೊರಳಿಗೆ ನಾನು ಮಾಡಿದ ಸರವೇ ಬೀಳುತ್ತಿತ್ತು. ಈ ಸಲ ನಾದಿನಿ ಫೋನ್ ಮಾಡಿ, ಸರ ದೇವದುರ್ಗದಿಂದ ಬರುತ್ತದೆ, ನೀವು ಜಡೆಗೆ ಏನಾದರೂ ಮಾಡಿಕೊಂಡು ಬನ್ನಿ ಎಂದಳು. ಮಾಡಿದೆ. ಮೂರು ಸಲ ಬಿಚ್ಚಿ ಮಾಡಿದೆ. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಕಸೂತಿಯನ್ನು ತಿರುವಿ ಹಿಂಬದಿಯ ದಾರ ನೋಡಿ ಅಂಕ ಕೊಡುತ್ತಿದ್ದರು. ನನಗೆ ಇವತ್ತಿಗೂ ಅದೇ ಕಣ್ಣು. ಆದರೆ ಬಸುರಿಯ ಜಡೆಯನ್ನು ಯಾರು ನೋಡುತ್ತಾರೆ?

ಎಲ್ಲರೂ ಕೊರಳನ್ನೇ ನೋಡಿದರು. ಹಸಿರು ಸೀರೆಯ ಮೇಲೆ ಮೂರೆಳೆಯ ಸರ, ಅದೇ ಎಲೆಹಸಿರು, ಅದೇ ಹುಣಸೆಯ ಬಣ್ಣ. ಕವಿತಾಳದಿಂದ ಬಂದಿದ್ದ ಒಬ್ಬ ಹೆಂಗಸು, ಹೈದರಾಬಾದಿನದೇನು ಎಂದು ಕೇಳಿದರು. ನಮ್ಮ ಅತ್ತೆ ಸಣ್ಣ ಸೊಸೆಯ ಬೆನ್ನ ಮೇಲೆ ಕೈಯಿಟ್ಟರು.

"ಇಕಿ ಮಾಡ್ಯಾಳ ಯವ್ವಾ. ನಮ್ಮ ರಾಯಚೂರಾಕಿ ದೊಡ್ಡ ಸಾಲಿ ಕಲತಾಳ, ಇಕಿ ಬರೇ ನೋಡಿ ಕಲತಾಳ."

ಎಲ್ಲರ ಜೊತೆ ನಾನೂ ನಕ್ಕೆ.

ಜಡೆಗೆ ನನ್ನ ಮಣಿ ಕಟ್ಟಲು ಹುಡುಗಿಯ ಹಿಂದೆ ನಿಂತಾಗ ಕಂಡಿತು. ಕೊಂಡಿಯ ಪಕ್ಕದ ರಿಂಗಿನಲ್ಲಿ ಕೂದಲೆಳೆಯಷ್ಟು ಸಂದು. ಎಳೆಯೊಂದರ ದಾರ ಆಗಲೇ ಅದರ ಬಾಯಿಗೆ ಬಂದು ಕೂತಿತ್ತು. ಹಸಿರು ಬಳೆ ಇಟ್ಟ ಮೇಲೆ ಉಡಿ ತುಂಬುವ ತನಕ ಬಸುರಿಯ ಮೈಮೇಲಿನ ಒಡವೆ ಬಿಚ್ಚುವ ಹಾಗಿಲ್ಲ. ತಾನಾಗಿ ಹರಿದು ಬಿದ್ದರಂತೂ ನಮ್ಮ ಮುದುಕಿಯರು ಹೆರಿಗೆ ಆಗುವ ತನಕ ಅದನ್ನೇ ಆಡಿಕೊಳ್ಳುತ್ತಾರೆ. ಮಾಡಿದವಳ ಹೆಸರನ್ನೂ ಬಿಡುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನನ್ನೊಳಗೆ ತಣ್ಣಗೆ ಹಿತವಾಯಿತು. ಮಲ್ಲಿಗೆ ದಂಡೆ ನೆಟ್ಟಗೆ ಮಾಡಿ, ಬಂದು ಚಾಪೆಯ ಮೇಲೆ ಕೂತೆ.

ಹುಡುಗಿ ಐದು ಜನ ಮುತ್ತೈದೆಯರ ಕಾಲಿಗೆ ಬೀಳಬೇಕಿತ್ತು. ಹೊಟ್ಟೆ ಹಿಡಿದುಕೊಂಡು ಮೊದಲ ಸಲ ಬಾಗಿದಳು, ಸರ ಮುಂದಕ್ಕೆ ಜೋತಿತು. ಎರಡನೆಯ ಸಲ ಬಾಗಿದಾಗ ಒಂದೆಳೆ ಉಳಿದೆರಡಕ್ಕಿಂತ ಕೆಳಗೆ ಜಾರಿದ್ದು ಕಂಡಿತು. ನೆಗೆಣ್ಣಿ ಸರದ ಕಡೆಗೆ ನೋಡುತ್ತಿರಲಿಲ್ಲ. ಹುಡುಗಿ ಎಡವದಿರಲಿ ಎಂದು ಅವಳ ಕಾಲಬಳಿಯ ನೆರಿಗೆ ಎತ್ತಿ ಹಿಡಿದುಕೊಂಡು, ಬಗ್ಗಿದಾಗೆಲ್ಲ ತಾನೂ ಬಗ್ಗುತ್ತಿದ್ದಳು.

ಎದ್ದೆ. ಪರ್ಸಿನಲ್ಲಿ ಸಣ್ಣ ಇಕ್ಕಳ ಇತ್ತು. ದಂಡೆ ಸಡಿಲಾಗಿದೆ, ತಲೆ ಎತ್ತಬೇಡ ಎಂದು ಹುಡುಗಿಗೆ ಹೇಳಿ ಹಿಂದೆ ನಿಂತೆ. ನೆಗೆಣ್ಣಿ ಬಂದು ಜಡೆಯನ್ನು ಸರಿಸಿ ಹಿಡಿದಳು. ಜಾರಿದ ದಾರವನ್ನು ಒಳಗೆ ತಳ್ಳಿ, ತುದಿಯನ್ನು ಒಂದಿಷ್ಟು ದಾಟಿಸಿ ಒತ್ತಿದೆ, ಮತ್ತೆ ಈ ಕಡೆಗೆ. ಕಟ್ ಎಂದಿತು. ಅವಳಿಗೂ ಕೇಳಿಸಿತು. ರಿಂಗನ್ನು ನೋಡಿದಳು, ಆಮೇಲೆ ನನ್ನನ್ನು.

"ಹಿಂಗ ದಾಟಿಸಿ ಒತ್ತಬೇಕೇನ್ರಿ ಅಕ್ಕಾ?"

"ಹೂಂ."

"ಅವತ್ತ ಕೇಳಿದ್ನೆಲ್ರಿ ನಾನು."

ಮರೆತಿದ್ದೆ ಅನ್ನುವ ಮಾತು ತುಟಿಯವರೆಗೆ ಬಂದಿತ್ತು. ಇಷ್ಟು ಹತ್ತಿರದಿಂದ ನೋಡುವವಳಿಗೆ ಅದನ್ನು ಹೇಳಲಾಗಲಿಲ್ಲ.

"ಕೇಳಿದ್ದಿ. ನಾನ ಹೇಳಲಿಲ್ಲ."

ಅವಳು ಅಂಗೈ ಚಾಚಿದಳು. "ಇಕ್ಕಳ ಇಲ್ಲೆ ಕೊಡ್ರಿ. ಇನ್ನೂ ಐದು ಅದಾವ."

ಹುಡುಗಿ ತಲೆ ಬಗ್ಗಿಸಿಯೇ ನಿಂತಿದ್ದಳು. ನಾವು ಅತ್ತೆಯರಿಬ್ಬರೂ ಅವಳಿಗೆ ಹೂವು ಮುಡಿಸುತ್ತಿದ್ದೇವೆಂದು ಮಂದಿ ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಮೊದಲ ರಿಂಗಿಗೆ ಅವಳು ಎರಡು ಸಲ ಒತ್ತಿದಳು. ಐದನೆಯದಕ್ಕೆ ಬರುವಷ್ಟರಲ್ಲಿ ಒಂದೇ ಸಲಕ್ಕೆ ಸದ್ದು ಬಂತು. ನನಗೆ ಅದಕ್ಕೆ ವರ್ಷವೇ ಹಿಡಿದಿತ್ತು.

ಊಟಕ್ಕೆ ಕೂತಾಗ ಅವಳಿಗೆಂದು ಪಕ್ಕದಲ್ಲಿ ಜಾಗ ಹಿಡಿದೆ. ಅವಳು ದಾಟಿ ಹೋಗಿ ಕವಿತಾಳದ ಆ ಹೆಂಗಸಿನ ಹತ್ತಿರ ಕೂತು, ಅವರ ಮೊಮ್ಮಗಳಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ವಿಚಾರಿಸತೊಡಗಿದಳು. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಒಂದು ಮಾತೂ ಬಿಡದೆ ಕೇಳಿಸಿಕೊಂಡೆ.