ಗೋಡೆಯ ಮೇಲಿನ ಒಂಬತ್ತನೆಯ ಹೆಸರು

ನಮ್ಮೂರ ಸರ್ಕಾರಿ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಸೌರಮಂಡಲದ ಚಿತ್ರವಿತ್ತು. ಒಂಬತ್ತು ಗ್ರಹ, ಒಂದೊಂದರ ಕೆಳಗೆ ಊರಿನ ಒಬ್ಬೊಬ್ಬರ ಹೆಸರು. ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಶಾಲೆಗೆ ಫ್ಯಾನು ಕೊಟ್ಟವರ ಹೆಸರನ್ನು ಫ್ಯಾನಿನ ರೆಕ್ಕೆಯ ಮೇಲೆಯೇ ಬರೆಸುತ್ತಾರೆ. ಆಗಿನ ಹೆಡ್‌ಮಾಸ್ತರು ಅದೇ ಪದ್ಧತಿಯಲ್ಲಿ ಗ್ರಹಗಳನ್ನೂ ದೇಣಿಗೆದಾರರಿಗೆ ಹಂಚಿದ್ದರು. ನಾನಾಗ ಐದನೇ ಇಯತ್ತೆ. ಭೂಮಿ ತನಗೇ ಬೇಕೆಂದು ಇಬ್ಬರು ಹೊಲದ ಒಡೆಯರು ಜಿದ್ದಿಗೆ ಬಿದ್ದಿದ್ದು ನೆನಪಿದೆ. ಶನಿಯ ಕೆಳಗೆ ಹೆಸರು ಹಾಕಿಸಿಕೊಳ್ಳಲು ಯಾರೂ ತಯಾರಿಲ್ಲ. ಕೊನೆಗೆ ಬಟ್ಟೆ ಅಂಗಡಿಯ ಸಾಹೇಬರು, "ನನಗೇನ್ ಕಾಡ್ತಾನ್ರೀ ಅಂವಾ? ಉಂಗುರ ಛಂದ ಐತಿ, ನನ್ನ ಹೆಸರ ಹಾಕ್ರಿ" ಎಂದು ನಕ್ಕು ತಗೊಂಡರು.

ಉಳಿದದ್ದು ಪ್ಲೂಟೊ. ನವಗ್ರಹದಲ್ಲಿ ಅದಿಲ್ಲ, ಬರಿಗಣ್ಣಿಗೆ ಕಾಣುವುದಿಲ್ಲ, ಹೆಸರೂ ಯಾರೂ ಕೇಳಿದ್ದಲ್ಲ. ಅದು ನಮ್ಮಪ್ಪನ ಪಾಲಿಗೆ ಬಂತು.

ಅಪ್ಪ ಗೌಂಡಿ. ಆ ಗೋಡೆಗೆ ಸಿಮೆಂಟು ಮೆತ್ತಿ ಗಿಲಾವ ಮಾಡಿದವನು ಅವನೇ. ಮಗಳು ಕಲಿಯುವ ಸಾಲಿ ಎಂದು ಕೂಲಿ ಮುಟ್ಟಲಿಲ್ಲ. ಹೆಡ್‌ಮಾಸ್ತರು ದೊಡ್ಡ ಮನಸ್ಸಿನವರು, ಬಿಟ್ಟ ಕೂಲಿಯನ್ನೇ ದೇಣಿಗೆ ಎಂದು ಹಿಡಿದು ಅಪ್ಪನ ಹೆಸರು ಬರೆಸಿದರು. ನಮ್ಮ ಓಣಿ ಊರಿನಿಂದ ಹೊರಗಿದೆ. ಊರವರ ಮನೆ ಕಟ್ಟಲು ಅಪ್ಪ ಬೇಕು, ಅದೇ ಮನೆಯ ಮದುವೆಯಲ್ಲಿ ಅವನ ಎಲೆ ಚಪ್ಪರದ ಆಚೆ, ಎಲ್ಲರೂ ಉಂಡೆದ್ದ ಮೇಲೆ. ಅಂಥವನ ಹೆಸರು ಊರ ಹಿರಿಯರ ಹೆಸರುಗಳ ಜೊತೆ ಒಂದೇ ಸಾಲಿನಲ್ಲಿ ಬಂದದ್ದು ಅದೊಂದೇ ಕಡೆ. ಓದಲು ಬಾರದ ಅವ್ವ ಗೆರೆಗಳ ಆಕಾರ ನೋಡಿಯೇ ಅದನ್ನು ಗುರುತು ಹಿಡಿಯುತ್ತಿದ್ದಳು.

ನಾನು ಸಿಂದಗಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಎಂಬುದು ಬಂದದ್ದು ನನ್ನಿಂದಲೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಪುಕ್ಕಟೆ ಬಂದದ್ದಲ್ಲ. ನೌಕರಿ ಸಿಕ್ಕಿ, ಮೊದಲು ಮುದ್ದೇಬಿಹಾಳದ ಕಡೆ ಇದ್ದು, ವರ್ಗ ಮಾಡಿಸಿಕೊಂಡು ನಮ್ಮೂರ ಶಾಲೆಗೇ ವಿಜ್ಞಾನದ ಟೀಚರಾಗಿ ಬಂದೆ. ಅಷ್ಟರಲ್ಲಿ ಅಪ್ಪ ಹೋಗಿದ್ದ. ರೇಷನ್ ಕಾರ್ಡಿನಿಂದ, ಮತದಾರರ ಪಟ್ಟಿಯಿಂದ ಅವನ ಹೆಸರು ತೆಗೆದಾಗಿತ್ತು. ಗೋಡೆಯ ಮೇಲೆ ಮಾತ್ರ ಇತ್ತು, ಮಾಸಿ ಹೋಗಿ.

ಹೋದ ವರ್ಷ ಪಂಚಾಯಿತಿಯಿಂದ ಬಣ್ಣ ಬಂತು. ಈಗಿನ ಹೆಡ್‌ಮಾಸ್ತರು ನನ್ನನ್ನು ಕರೆದರು.

"ಮೇಡಂ, ಪೇಂಟರ್‌ಗೆ ನಕ್ಷೆ ನೀವ ಹಾಕಿಕೊಡ್ರಿ. ಸೈನ್ಸಿನವರು ನೀವ."

"ಗ್ರಹ ಈಗ ಎಂಟ ಅದಾವ್ರಿ ಸರ್."

ಅವರಿಗೂ ಗೊತ್ತಿತ್ತು, ಅಪ್ಪನ ಹೆಸರು ಎಲ್ಲಿದೆ ಎಂಬುದೂ ಗೊತ್ತಿತ್ತು. "ಒಂಬತ್ತ ಇರಲಿ ಬಿಡ್ರಿ. ಯಾರ್ ಬಂದ್ ಎಣಸ್ತಾರ ಇಲ್ಲಿ?" ಎಂದರು.

ಎಣಿಸುವವರು ನನ್ನ ಕ್ಲಾಸಿನಲ್ಲೇ ಕೂತಿದ್ದರು. ಒಳಗೆ ಎಂಟು ಎಂದು ಹೇಳಿ, ಹೊರಗೆ ಒಂಬತ್ತು ತೋರಿಸಿದರೆ ನಾನು ಎಂಥ ಟೀಚರು? ಆಗುವುದಿಲ್ಲ ಎಂದೆ. ಬದಲಿಗೆ ಕೆಳಗೊಂದು ಮೂಲೆಯಲ್ಲಿ 'ಗಿಲಾವ ಮಾಡಿದವರು' ಎಂದು ಅಪ್ಪನ ಹೆಸರು ಬರೆಯೋಣ ಎಂದು ಕೇಳಿದೆ. ಶಾಲಾ ಸಮಿತಿಯ ಅಧ್ಯಕ್ಷರು ಒಪ್ಪಲಿಲ್ಲ. "ಕೊಟ್ಟವರ ಹೆಸರ ಬರೀತಾರ್ರಿ ಅಕ್ಕಾರ, ದುಡದವರದಲ್ಲ. ನಾಳೆ ಬಾಗಿಲಾ ಮಾಡಿದ ಬಡಿಗ್ಯಾನೂ ಬರ್ತಾನ, ನಂದೂ ಬರೀರಿ ಅಂತ."

ಇನ್ನು ಉಳಿದದ್ದು ಒಂದೇ ದಾರಿ. ಪ್ಲೂಟೊ ಈಗ ಕುಬ್ಜ ಗ್ರಹ. ಸೀರಿಸ್, ಏರಿಸ್ ಮುಂತಾದ ಅದರ ಜೊತೆಯವನ್ನೂ ಸೇರಿಸಿ ಕೆಳಗೆ ಇನ್ನೊಂದು ಸಾಲು ಬಿಡಿಸಬಹುದು. ವಿಜ್ಞಾನವೂ ಸುಳ್ಳಾಗದು, ಹೆಸರೂ ಉಳಿಯುತ್ತದೆ. ಖುಷಿಯಿಂದಲೇ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಮದ್ಲ ಗ್ರಹ ಅಂದ್ರು, ಈಗ ಯಾಕ ಅಲ್ಲಂತ?"

ಹೇಳಿದೆ. ಗ್ರಹ ಅನ್ನಿಸಿಕೊಳ್ಳಬೇಕಾದರೆ ಸೂರ್ಯನ ಸುತ್ತ ತಿರುಗಬೇಕು, ತಿರುಗುತ್ತದೆ. ತನ್ನ ಭಾರಕ್ಕೆ ತಾನೇ ದುಂಡಗಾಗಿರಬೇಕು, ಆಗಿದೆ. ಮೂರನೆಯದು, ತಾನು ಓಡಾಡುವ ದಾರಿಯಲ್ಲಿ ತನ್ನದೇ ನಡೆಯಬೇಕು, ಉಳಿದ ಕಲ್ಲು ಮಂಜುಗಳನ್ನು ಎಳೆದುಕೊಂಡೋ ದೂರ ತಳ್ಳಿಯೋ ದಾರಿ ಹಸನು ಮಾಡಿಕೊಂಡಿರಬೇಕು. ಪ್ಲೂಟೊಗೆ ಅಷ್ಟು ಬಲವಿಲ್ಲ. ಅದರ ದಾರಿಯ ತುಂಬ ಅಂಥವೇ ಮಂಜಿನ ಉಂಡೆಗಳಿವೆ. ಏರಿಸ್ ಎಂಬುದು ಸಿಕ್ಕಾಗ ಅದೂ ಹೆಚ್ಚುಕಡಿಮೆ ಇದರಷ್ಟೇ ಇತ್ತು. ಅದನ್ನೂ ಗ್ರಹ ಅನ್ನಬೇಕು, ಇಲ್ಲವೇ ಇದನ್ನೂ ಬಿಡಬೇಕು. ಖಗೋಳದವರು ಸಭೆ ಸೇರಿ ಕೈಯೆತ್ತಿ ಬಿಡುವುದೆಂದು ನಿರ್ಧರಿಸಿದರು.

"ಎಲ್ಲಾರೂ ಬಂದಿದ್ರೇನ ಸಭಾಕ್ಕ?"

"ಇಲ್ಲಬೇ. ಸಾವಿರಗಟ್ಟಲೆ ಮಂದ್ಯಾಗ ಒಂದಷ್ಟ ನೂರು ಮಂದಿ ಅಷ್ಟ. ಈಗೂ ಕೆಲವ್ರು ಒಪ್ಪಂಗಿಲ್ಲ."

"ನಮ್ಮ ಪಂಚಾಯ್ತಿ ಇದ್ದಂಗ ಐತಿ ಬಿಡು" ಎಂದಳು. ಅವಳ ಮುಖದಲ್ಲಿ ನಗೆಯಿತ್ತು. "ಮತ್ತ ನಿಮ್ಮಪ್ಪನ ಹೆಸರ ಎಲ್ಲಿ ಬರೀತಿ?"

"ಕೆಳಗ. ಸಣ್ಣವಕ್ಕ ಬ್ಯಾರೆ ಸಾಲ ಮಾಡ್ತೇನಿ."

ಮೊರ ನಿಂತಿತು. ನಾನು ಏನು ಹೇಳಿದೆ ಎಂಬುದು ನನಗೇ ಆಗ ಕೇಳಿಸಿತು.

"ಬ್ಯಾರೆ ಸಾಲು" ಎಂದಳು ಅವ್ವ. ದನಿ ಏರಲಿಲ್ಲ. "ಜಲ್ಮಪೂರ್ತಿ ಬ್ಯಾರೆ ಪಂಗತ್ಯಾಗ ಉಂಡಾನ ನಿಮ್ಮಪ್ಪ. ಆಗೆಲ್ಲ ಮಂದಿ ಕುಂದರಸ್ತಿದ್ರು. ಈಗ ನೀ ಕುಂದರಸ್ತೀ ಏನ?"

"ಇದು ಹಂಗಲ್ಲಬೇ, ಇದು ವಿಜ್ಞಾನ."

"ಇರ್ಲಿ ಮಗಳ. ಇದ್ರ ಆ ಸಾಲಿನ್ಯಾಗ ಇರ್ಲಿ. ಇಲ್ಲಂದ್ರ ಅಳಿಸಿಬಿಡ್ರಿ."

ಆ ಸಾಲಿನಲ್ಲಿ ಇಡಲು ನನ್ನಿಂದಾಗಲಿಲ್ಲ. ಹೆಡ್‌ಮಾಸ್ತರು ಇನ್ನೊಮ್ಮೆ ಕೇಳಿದರು, ನಾನು ಎಂಟು ಗ್ರಹಗಳ ನಕ್ಷೆ ಕೊಟ್ಟೆ. ಬಸವನ ಬಾಗೇವಾಡಿಯಿಂದ ಬಂದ ಪೇಂಟರ್ ಮೊದಲು ಇಡೀ ಗೋಡೆಗೆ ಸುಣ್ಣದ ಬಣ್ಣ ಎಳೆದ, ಎಲ್ಲ ಹೆಸರೂ ಹೋದವು. ಆಮೇಲೆ ಆಕಾಶಕ್ಕೆಂದು ನೀಲಿ ಬಳಿದು, ಎಂಟು ಗುಂಡು ಬಿಡಿಸಿ ಎಂಟು ಹೆಸರು ತಿರುಗಿ ಬರೆದ. ಭೂಮಿಯ ಕೆಳಗೆ ಹೆಸರಿದ್ದವರ ಮಗ ಬಂದು ತಮ್ಮಪ್ಪನ ಹೆಸರಿನ ಅಕ್ಷರ ದಪ್ಪ ಮಾಡಿಸಿದ. ನೆಪ್ಚೂನಿನ ಆಚೆ ನೀಲಿ ಬಳಿದ ಖಾಲಿ ಜಾಗ ಉಳಿಯಿತು. ಅಲ್ಲಿ ಏನೂ ಬರೆಸಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಮತ್ತು ಓಣಿಯ ಹೆಂಗಸರು ಲಿಂಬಿ ತೋಟದ ಕೆಲಸಕ್ಕೆ ಹೋಗಲು ಶಾಲೆಯ ಮುಂದೆ ಟೆಂಪೊ ಕಾಯುತ್ತಿದ್ದರು. ನಾನು ಗೇಟಿನ ಒಳಗಿದ್ದೆ. ಪಕ್ಕದ ಮನೆಯ ಹೆಂಗಸು ಗೋಡೆ ನೋಡಿ, "ನಿಮ್ಮ ಯಜಮಾನರದ ಎಲ್ಲಿ ಹೋತಬೇ?" ಎಂದು ಕೇಳಿದಳು.

"ಅದು ಲೆಕ್ಕದಾಗ ಇರಲಿಲ್ಲಂತ" ಎಂದಳು ಅವ್ವ. "ನನ್ನ ಮಗಳು ಕಲತಾಳಲ್ಲ, ಆಕೀಗೆ ಗೊತ್ತ."

ಟೆಂಪೊ ಬಂತು. ಅವ್ವ ಮೊದಲು ಹತ್ತಿದವಳ ಕೈಗೆ ಬುತ್ತಿಗಂಟು ಕೊಟ್ಟು ಹತ್ತಿದಳು, ನನ್ನ ಕಡೆ ನೋಡಲಿಲ್ಲ.