ಕಂಚಿನ ಮಂದಿಗೆ ಕುಲಾವಿ

ಅಮೆರಿಕದ ಅಯೋವಾದ ಒಂದು ಪುಟ್ಟ ಊರಿನಲ್ಲಿ ಬೀದಿಯ ಶಿಲ್ಪಗಳನ್ನು ಒರೆಸಿ ಕಾಯುವವಳು ಆರ್ಲಿಸ್. ಮೊದಲ ಹಿಮ ಬಿತ್ತೆಂದರೆ ಅವಳಿಗೆ ತಲೆಬಿಸಿ. ಅಜ್ಜಿಯರೆಲ್ಲ ಉಣ್ಣೆಯ ಕುಲಾವಿ ಹೆಣೆದು ಕಂಚಿನ ರೈತನಿಗೆ, ಕಂಚಿನ ನಾಯಿಗೆ, ಕೊನೆಗೆ ಕಂಚಿನ ಹಂದಿಗೂ ತೊಡಿಸಿಬಿಡುತ್ತಿದ್ದರು. ಒದ್ದೆ ಉಣ್ಣೆಗೆ ಕಂಚೆಲ್ಲ ಕಲೆ.

"ಕಂಚಿಗೆಲ್ಲಿಯ ಚಳಿ ಕಣ್ರೀ? ಹೇಳಿ ಹೇಳಿ ನನ್ನ ಬಾಯಿ ಒಣಗಿಹೋಯ್ತು!"

"ಇರ್ಲಿ ಬಿಡಮ್ಮ, ನೋಡಿದ್ರೆ ನಮಗೇ ನಡುಕ ಬರುತ್ತೆ," ಎನ್ನುತ್ತಿದ್ದಳು ಲವೋನ್ ಅಜ್ಜಿ.

ಈ ವರ್ಷ ನದಿಯ ಬಳಿ ಹೊಸ ಶಿಲ್ಪವೊಂದು ಬಂತು. ತಲೆಯಿಲ್ಲ, ಕಾಲಿಲ್ಲ, ಬರೀ ಬಾಗಿದ ಉಕ್ಕು. ಹಿಮ ಬಿದ್ದ ಬೆಳಿಗ್ಗೆ ಎಲ್ಲ ಕುಲಾವಿಗಳನ್ನೂ ಕಿತ್ತು ಚೀಲಕ್ಕೆ ತುಂಬುತ್ತ ಬಂದ ಆರ್ಲಿಸ್ ಅದರ ಮುಂದೆ ನಿಂತಳು. ಅದಕ್ಕೆ ಯಾರೂ ಏನೂ ತೊಡಿಸಿರಲಿಲ್ಲ. ಒಂದು ಕೆಲಸ ತಪ್ಪಿತೆಂದು ಹಿಗ್ಗಬೇಕಾದವಳಿಗೆ ಮೈಯೆಲ್ಲ ಉರಿದುಹೋಯಿತು.

"ತಲೆ ಇಲ್ಲ ಅಂದ್ರೆ ಚಳಿಯೂ ಇಲ್ವೇನ್ರೇ, ಪಾಪಿಗಳಾ!" ಎಂದು ಊರಿಗೆಲ್ಲ ಬೈಯುತ್ತ, ತನ್ನ ಕೊರಳಿನ ಮಫ್ಲರ್ ಬಿಚ್ಚಿ ಅದಕ್ಕೆ ಸುತ್ತಿದಳು.