ಆರು ಗಂಟೆಯ ಮೇಷ್ಟ್ರು

ಬಾಯಿ ತೆರೆದರೆ ಮಾತು ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುವ ಮನುಷ್ಯ ಅವನು. ಒಂದು ಮಾತು ಹೊರಬರುವಷ್ಟರಲ್ಲಿ ಎದುರಿಗಿದ್ದವರು ಹತ್ತು ಊಹಿಸಿ ಮುಗಿಸಿರುತ್ತಿದ್ದರು. ಜನಕ್ಕೆ ಅಷ್ಟೂ ತಾಳ್ಮೆ ಬೇಡವಾ? ಅವನು ದುಡಿಯುತ್ತಿದ್ದ ಮೋಟಾರ್ ವೈಂಡಿಂಗ್ ಅಂಗಡಿಯ ಮಾಲೀಕನಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರೂ ಅವನ ಮಾತನ್ನು ತಾವೇ ಆಡಿ ಕೈತೊಳೆದುಕೊಳ್ಳುತ್ತಿದ್ದರು. ಬೀದಿಯವರು ಇಟ್ಟ ಹೆಸರು ಮರಕುಟಿಗ. ಕುಟ್ಟಿ ಕುಟ್ಟಿ ಮಾತಾಡುತ್ತಾನೆ ಅನ್ನುವುದು ಒಂದು ಕಾರಣ, ಬೆಳಗೆದ್ದು ಕಿಟಕಿ ಪಕ್ಕ ಕೂತು ಟಕಟಕ ಕುಟ್ಟುತ್ತಾನೆ ಅನ್ನುವುದು ಇನ್ನೊಂದು.

ಆ ಟಕಟಕವೇ ಅವನ ಜೀವ. ಇಪ್ಪತ್ತರ ವಯಸ್ಸಿಗೇ ಪರೀಕ್ಷೆ ಬರೆದು, ಮನೆಯಿಂದಲೇ ದೂರದೂರಿನವರಿಗೆ ಸಂದೇಶ ಕಳಿಸುವ ಹವ್ಯಾಸಿ ರೇಡಿಯೋ ಲೈಸೆನ್ಸ್ ತೆಗೆದುಕೊಂಡಿದ್ದ. ಯಂತ್ರ ಕೊಳ್ಳೋಣವೆಂದರೆ ಕೈ ಖಾಲಿ. ಬಿಸ್ಕತ್ ಡಬ್ಬಿಯೊಳಗೆ ಟ್ರಾನ್ಸ್‌ಮಿಟರ್ ಕಟ್ಟಿದ. ಅಂಗಡಿಯಲ್ಲಿ ಮಿಕ್ಕ ತಾಮ್ರದ ತಂತಿಯನ್ನು ಔಷಧಿ ಬಾಟಲಿಗೆ ಸುತ್ತಿ ಕಾಯಿಲ್ ಮಾಡಿದ. ಮುರಿದ ಗರಗಸದ ಬ್ಲೇಡಿಗೆ ಡ್ರಾಯರಿನ ಹಿಡಿ ಕೂರಿಸಿ ಮೋರ್ಸ್ ಕುಟ್ಟುವ ಕೀ ಮಾಡಿಕೊಂಡ. ಮಹಡಿ ಮೇಲೆ ಎಳೆದ ಏರಿಯಲ್ ತಂತಿಯ ಮೇಲೆ ಹೆಂಡತಿ ಬಟ್ಟೆ ಹರವುತ್ತಿದ್ದಳು. "ನಮ್ಮನೆ ದುಪ್ಪಟಿ ಒಣಗಿದ್ದು ನಿಮ್ಮ ಸ್ನೇಹಿತರಿಗೆ ಕೇಳಿಸ್ತಂತಾ?" ಅಂತ ರೇಗಿಸುತ್ತಿದ್ದಳು.

ಮೋರ್ಸ್ ಅನ್ನುವ ಆ ಚುಕ್ಕೆ, ಗೆರೆಗಳ ಭಾಷೆಯಲ್ಲಿ ಅವನು ತೊದಲುತ್ತಿರಲಿಲ್ಲ. ಮುತ್ತು ಪೋಣಿಸಿದ ಹಾಗೆ ಕುಟ್ಟುತ್ತಿದ್ದ. ಕೇಳಿದವರು ಹೊಗಳುತ್ತಿದ್ದರು, ಇವನೂ ಉಬ್ಬುತ್ತಿದ್ದ, ಸುಳ್ಳು ಯಾಕೆ ಹೇಳಬೇಕು? ದಿನಾ ಬೆಳಿಗ್ಗೆ ಆರಕ್ಕೆ, ಡಯಲ್ಲಿನ ಮೇಲೆ ಪೆನ್ಸಿಲ್ ಗೀಟು ಹಾಕಿಟ್ಟ ಒಂದೇ ಜಾಗದಲ್ಲಿ, ದೂರದೂರಿನ ಗಣಿತದ ಮೇಷ್ಟ್ರೊಬ್ಬರು ಸಿಗುತ್ತಿದ್ದರು. ಇಪ್ಪತ್ತೆಂಟು ವರ್ಷದ ಸ್ನೇಹ, ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ. ತನ್ನ ಮಗು ಹುಟ್ಟುವಾಗಲೇ ಸತ್ತಿತ್ತೆಂದು ಇವನು ಮೊದಲು ಹೇಳಿಕೊಂಡಿದ್ದು ಮೇಷ್ಟ್ರ ಹತ್ತಿರ. ತೊದಲಿನ ವಿಷಯ ಮಾತ್ರ ಬಾಯಿಬಿಟ್ಟಿರಲಿಲ್ಲ. ಒಬ್ಬರಾದರೂ ತನ್ನನ್ನು ನೆಟ್ಟಗೆ ಮಾತಾಡುವವನು ಅಂದುಕೊಂಡಿರಲಿ ಅನ್ನುವ ಆಸೆ, ಪಾಪ.

ಒಂದು ದಿನ ಮೇಷ್ಟ್ರು ಬರಲಿಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಕಾಗದ ಹಾಕಿದ, ಉತ್ತರವಿಲ್ಲ. ಆರಕ್ಕೆ ಕೂತು ಆ ಗೀಟಿನ ಮೇಲೆ ಕರೆಯುತ್ತಿದ್ದ, ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಏಳೂವರೆವರೆಗೆ ಕಾಯುತ್ತಿದ್ದ. ಊಟ ಸೇರದೆ ಸೊರಗಿಹೋದ.

"ಮಗಳ ಮನೇಗೆ ಹೋಗಿರ್ತಾರೆ, ಬರ್ತಾರೆ ಬಿಡಿ" ಅಂದಳು ಹೆಂಡತಿ. ಅವಳಿಗೂ ಒಳಗೊಳಗೇ ಅಳುಕು.

ನಾಲ್ಕನೇ ತಿಂಗಳು, ಒಂದು ಸೋಮವಾರ ಬೆಳಿಗ್ಗೆ, ಸರಿಯಾಗಿ ಅದೇ ಜಾಗದಲ್ಲಿ ಯಾರೋ ಕುಟ್ಟತೊಡಗಿದರು. ಅಬ್ಬಬ್ಬಾ, ಅದೆಂಥ ಕುಟ್ಟು! ಚುಕ್ಕೆ ಯಾವುದು, ಗೆರೆ ಯಾವುದು, ತಲೆಬುಡ ಗೊತ್ತಾಗುವುದಿಲ್ಲ. ಅರ್ಧ ಅಕ್ಷರಕ್ಕೇ ನಿಲ್ಲುವುದು, ಮತ್ತೆ ಮೊದಲಿಂದ ಶುರು. ಇವನಿಗೆ ಮೈಯೆಲ್ಲ ಉರಿದುಹೋಯಿತು. ಯಾವನೋ ನಿನ್ನೆ ಮೊನ್ನೆ ಕಲಿತವನು ಬಂದು ಮೇಷ್ಟ್ರ ಜಾಗದಲ್ಲಿ ಕೂತಿದ್ದಾನಲ್ಲ, ಇವತ್ತೇ ಅವರು ಕರೆದರೆ ಈ ಗದ್ದಲದಲ್ಲಿ ಕೇಳಿಸುವುದಾದರೂ ಹೇಗೆ? ಮೂರು ನಿಮಿಷ ಹಲ್ಲು ಕಚ್ಚಿ ಕೇಳಿದ. ಐದು ನಿಮಿಷ ಕೇಳಿದ್ದರೆ ಸಾಕಿತ್ತು.

ಕೆಟ್ಟದಾಗಿ ಕುಟ್ಟುವವರನ್ನು ಹೀಯಾಳಿಸಲು ಈ ಹವ್ಯಾಸದವರಲ್ಲಿ ಮೂರಕ್ಷರದ ಒಂದು ಹಳೇ ಕುಹಕವಿದೆ. ಎಡಗಾಲಲ್ಲಿ ಕುಟ್ಟಿ ನೋಡು, ಇದಕ್ಕಿಂತ ವಾಸಿ ಇರುತ್ತೆ ಅಂತ ಅದರ ಅರ್ಥ. ಇವನು ಅದನ್ನು ಕಳಿಸಿದ. ಸಾಲದು ಅಂತ, ಕಲಿತುಕೊಂಡು ಬಾ, ಜಾಗ ಖಾಲಿ ಮಾಡು ಅಂತಲೂ ಸೇರಿಸಿದ. ಆ ಕಡೆಯ ಸದ್ದು ಗಪ್ಪಂತ ನಿಂತಿತು. ಕೆಲಸಕ್ಕೆ ಹೊರಡುವಾಗ ಹೆಂಡತಿಗೆ ಇದನ್ನು ಹೇಳಿದ, ಇಬ್ಬರೂ ನಕ್ಕರು.

ಎಂಟು ದಿನಕ್ಕೆ ಮೇಷ್ಟ್ರ ಮಗಳಿಂದ ಕಾಗದ ಬಂತು. "ಅಣ್ಣಾ, ಅಪ್ಪನನ್ನು ಯಂತ್ರದ ಸಮೇತ ನಮ್ಮ ಮನೆಗೆ ಕರೆತಂದಿದ್ದೆ, ನಿಮ್ಮ ಕಾಗದ ಈಗಷ್ಟೇ ಕೈಸೇರಿತು. ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ, ಮಾತೂ ಹೋಗಿದೆ. ಮೂರು ತಿಂಗಳು ಮಲಗಿದ್ದಲ್ಲೇ ಎಡಗೈಯಲ್ಲಿ ಚಮಚ ಹಿಡಿದು ಕುಟ್ಟುವುದನ್ನು ಕಲಿತರು. ಹೋದ ಸೋಮವಾರ ಮೊದಲ ಸಲ ಯಂತ್ರದ ಮುಂದೆ ಕೂರಿಸಿದೆ. ಕರೆದಿದ್ದು ನಿಮ್ಮನ್ನೇ ಇರಬೇಕು. ಏನೋ ಉತ್ತರ ಬಂತು. ಆವತ್ತಿನಿಂದ ಯಂತ್ರದ ಕಡೆ ತಿರುಗಿಯೂ ನೋಡುತ್ತಿಲ್ಲ, ಸರಿಯಾಗಿ ಊಟ ಮಾಡುತ್ತಿಲ್ಲ. ನನಗೆ ಆ ಭಾಷೆ ಬರುವುದಿಲ್ಲ. ಅಪ್ಪನಿಗೆ ಏನು ಹೇಳಿದಿರಿ ಅಂತ ದಯವಿಟ್ಟು ತಿಳಿಸಿ."

ಕಾಗದ ಹಿಡಿದು ಅವನು ಗೋಡೆಗೆ ತಲೆ ಚಚ್ಚಿಕೊಂಡ. ಹೆಂಡತಿ ತಡೆದಳು. "ಇಲ್ಲಿ ಅತ್ತರೆ ಏನು ಬಂತು? ಎದ್ದು ಹೋಗಿ ಕಾಲು ಹಿಡ್ಕೊಳ್ಳಿ" ಅಂದಳು. ಮೊದಲ ಬಸ್ಸಿಗೇ ಹೊರಟ.

ಕಬ್ಬಿಣದ ಮಂಚ. ಮೂಲೆಯಲ್ಲಿ ಹಳೇ ಟವೆಲು ಹೊದಿಸಿದ ಯಂತ್ರ. ಮೇಷ್ಟ್ರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. "ನ... ನ..." ಅಂದ ಇವನು, ಮುಂದಕ್ಕೆ ಹೊರಡಲಿಲ್ಲ. ಮಗಳು ಪಿಳಿಪಿಳಿ ನೋಡಿದಳು. ಕೊನೆಗೆ ಮಂಚದ ಸರಳಿನ ಮೇಲೆ ಬೀಗದ ಕೈಯಿಂದ ಕುಟ್ಟಿದ: ನೀವೆಂದು ಗೊತ್ತಿರಲಿಲ್ಲ. ಕ್ಷಮಿಸಿ.

ಆ ಕುಟ್ಟು ಯಾರದೆಂದು ಮೇಷ್ಟ್ರಿಗೆ ಹೇಳಿಕೊಡಬೇಕಾ? ಮೆಲ್ಲಗೆ ಈ ಕಡೆ ತಿರುಗಿದರು. ಎಡಗೈ ಬೆರಳು ಮಂಚದ ಪಟ್ಟಿಯ ಮೇಲೆ ಅಲ್ಲಾಡಿತು. ಅದೇ ಸೊಟ್ಟ ಕುಟ್ಟು, ಅದೇ ಅರ್ಧಕ್ಕೆ ನಿಲ್ಲುವ ಅಕ್ಷರ. ಇವನು ಮಂಡಿಯೂರಿ ಒಂದೊಂದೇ ಅಕ್ಷರಕ್ಕೆ ಕಾದ, ಒಂದನ್ನೂ ಊಹಿಸಲಿಲ್ಲ. ಕಾಲು ಗಂಟೆ ಹಿಡಿಯಿತು. ಮೇಷ್ಟ್ರು ಹೇಳಿದ್ದು ಇಷ್ಟೆ: ಬೇರೆಯವರಾಗಿದ್ದರೆ ಸರಿಯೇ?

"ಅಪ್ಪ ಏನಂದ್ರು?" ಮಗಳು ಕೇಳಿದಳು. ಅವನ ತುಟಿ ನಡುಗುವುದನ್ನು ನೋಡಿ ಅವಳೇ ಮುಗಿಸಿದಳು. "ಕ್ಷಮಿಸಿದೀನಿ ಅಂದ್ರಾ? ಹೌದಾ ಅಣ್ಣಾ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಆಮೇಲೆ ತಾನು ಆ ಸೋಮವಾರ ಕಳಿಸಿದ್ದೇನು, ಮೇಷ್ಟ್ರು ಈಗ ಕೇಳಿದ್ದೇನು, ಎರಡನ್ನೂ ಬಾಯಿಂದಲೇ, ಮೈಯೆಲ್ಲ ಬೆವತು, ಒಂದು ಮಾತೂ ಬಿಡದೆ ಅವಳಿಗೆ ಹೇಳಿದ. ಅವನು ಹೇಳಿ ಮುಗಿಸುವವರೆಗೂ ಮೇಷ್ಟ್ರು ಅವನ ಮುಖವನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಮತ್ತೆ ಗೋಡೆ ಕಡೆ ತಿರುಗಿಕೊಂಡರು.